ಹದಿಮೂರನೇ ತಿಂಗಳಲ್ಲಿ ಹುಟ್ಟಿದವಳು

ಆ ವರ್ಷ ನನ್ನ ಪಾಲಿಗೆ ಬಂದದ್ದು ಅರವತ್ತೆರಡು ಅರ್ಜಿ. ಆಫ್ರಿಕಾದ ಯುವ ವೃತ್ತಿಪರರನ್ನು ಆರು ವಾರ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಕರೆಸಿ ನಾಯಕತ್ವದ ತರಬೇತಿ ಕೊಡುವ ಫೆಲೋಶಿಪ್ ಅದು. ಹನ್ನೊಂದು ವರ್ಷದ ಹಿಂದೆ ನಾನೂ ಹೋಗಿಬಂದಿದ್ದೆ. ಹಾಗೆ ಹೋಗಿಬಂದವರೇ ಹೊಸ ಅರ್ಜಿಗಳ ಮೊದಲ ಸುತ್ತಿನ ಪರಿಶೀಲಕರು. ಸಂಬಳವಿಲ್ಲ. ಆದರೆ ಕೆಲವು ವರ್ಷ ಚೆನ್ನಾಗಿ ಮಾಡಿದವರನ್ನು ಸಂದರ್ಶನ ಸಮಿತಿಗೆ ಸೇರಿಸಿಕೊಳ್ಳುತ್ತಾರೆ. ನಾಲ್ಕು ವರ್ಷದಿಂದ ಮಾಡುತ್ತಿದ್ದ ನನ್ನ ಹೆಸರು ಈ ಸಲ ಸಮಿತಿಯ ಪಟ್ಟಿಯಲ್ಲಿತ್ತು. ಅದು ನನಗೆ ಬೇಕಾಗಿತ್ತು ಎಂದು ಹೇಳಿಬಿಡುವುದೇ ಸರಿ.

ಹೊಟ್ಟೆಪಾಡಿನ ಕೆಲಸ ಬೇರೆ. ಅಡಿಸ್ ಅಬಾಬಾದ ಆರತ್ ಕಿಲೋ ಹತ್ತಿರದ ಒಂದು ಪತ್ರಿಕೆಯಲ್ಲಿ ನಾನು ಪುಟ ನೋಡುವವನು. ಪತ್ರಿಕೆ ಸೋಮವಾರ ಮತ್ತು ಗುರುವಾರ ಬರುತ್ತದೆ. ಹೆಸರು, ಸಂಖ್ಯೆ, ದಿನಾಂಕ, ಈ ಮೂರರಲ್ಲಿ ತಪ್ಪು ಹೋದರೆ ವರದಿಗಾರನನ್ನು ಯಾರೂ ಕೇಳುವುದಿಲ್ಲ, ನನ್ನನ್ನು ಕೇಳುತ್ತಾರೆ.

ಅರ್ಜಿಗಳನ್ನು ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು, ಮನೆಯ ಕೆಳಗಿನ ಕಾಫಿ ಅಂಗಡಿಯಲ್ಲಿ ಕೂತು ಓದುತ್ತಿದ್ದೆ. ಅರವತ್ತೆರಡು ಜನ ಅರವತ್ತೆರಡು ಸಲ ತಮ್ಮ ಊರನ್ನು ಬದಲಾಯಿಸಿದ್ದನ್ನು ಓದಿದರೆ ಮನಸ್ಸು ಜಡವಾಗುತ್ತದೆ. ಎಲ್ಲರೂ ಯಾರೋ ಹೇಳಿಕೊಟ್ಟ ಹಾಗೆ ಬರೆಯುತ್ತಾರೆ. ನಾನೂ ನನ್ನ ಕಾಲದಲ್ಲಿ ಹಾಗೇ ಬರೆದಿದ್ದೆ. ಆದ್ದರಿಂದ ಓದದೆ ಬದಿಗಿಡಬಹುದಾದ ಅರ್ಜಿ ಸಿಕ್ಕರೆ ಪರಿಶೀಲಕನಿಗೆ ಸಣ್ಣ ಬಿಡುವು ಸಿಕ್ಕ ಹಾಗೆ. ನಿಯಮವೇ ಇತ್ತು: ಗಡುವಿನ ದಿನವಾದ ಆಗಸ್ಟ್ 31ಕ್ಕೆ ಮೂವತ್ತೈದು ವರ್ಷ ತುಂಬಿರಬಾರದು, ತುಂಬಿದ್ದರೆ ಪ್ರಬಂಧ ಓದಬೇಕಾಗಿಲ್ಲ, ಷರಾ ಬರೆದು ಮುಚ್ಚಬಹುದು.

ಗುರುವಾರ ಅಂಥದೊಂದು ಸಿಕ್ಕಿತು. ಜೆನೆಬೆಚ್ ದುಬಾಲೆ, ಮೆಂಝ್ ಸೀಮೆಯ ಮೆಹಲ್ ಮೇದಾ ಊರಿನವಳು, ತಾಲೂಕು ಪಶು ಕಚೇರಿಯಲ್ಲಿ ಪಶುವೈದ್ಯ ಸಹಾಯಕಿ. ಹುಟ್ಟಿದ ದಿನ ಎಂಬಲ್ಲಿ ಪರದೆ ತೋರಿಸಿದ್ದು: ಮಾರ್ಚ್ 13, 1982. ಅಂದರೆ ನಲವತ್ತಮೂರು. ಕೆಲಸದ ವಿವರದಲ್ಲಿ ಮೂರು ಸಾಲು. 2006ರಲ್ಲಿ ಕೆಲಸಕ್ಕೆ ಸೇರಿದ್ದು, 2011ರಲ್ಲಿ ಕುರಿಗಳ ಲಸಿಕೆಗೆ ಹೊಸ ವ್ಯವಸ್ಥೆ ಶುರು ಮಾಡಿದ್ದು, 2017ರಲ್ಲಿ ಅದನ್ನು ಹದಿನಾಲ್ಕು ಹಳ್ಳಿಗೆ ವಿಸ್ತರಿಸಿದ್ದು. ಷರಾ ಬರೆದೆ: "ವಯಸ್ಸು ಮೀರಿದೆ. 2017ರ ನಂತರದ ಎಂಟು ವರ್ಷಗಳಲ್ಲಿ ಯಾವ ಕೆಲಸವೂ ಕಾಣುವುದಿಲ್ಲ." ಎರಡನೇ ವಾಕ್ಯ ಬೇಕಾಗಿರಲಿಲ್ಲ. ಒಂದೇ ವಾಕ್ಯ ಬೋಳುಬೋಳಾಗಿ ಕಂಡಿತು, ಬರೆದೆ.

ಭಾನುವಾರ ಮಧ್ಯಾಹ್ನ ಸೋಮವಾರದ ಪುಟಗಳನ್ನು ನೋಡುತ್ತಿದ್ದೆವು. ಹೊಸವರ್ಷಕ್ಕೆ ನಾಲ್ಕೇ ದಿನ ಇದ್ದುದರಿಂದ ಪುಟದ ತುಂಬ ಬೆಣ್ಣೆ, ಫ್ರಿಜ್ಜು, ಬ್ಯಾಂಕುಗಳ ಜಾಹೀರಾತು. ಪುಟ ಕಟ್ಟುವ ತಮ್ರಾತ್ ನನಗಿಂತ ಹದಿನೈದು ವರ್ಷ ಚಿಕ್ಕವನು. ನನ್ನನ್ನು ಗಾಶೆ ಎನ್ನುತ್ತಾನೆ. ಅಣ್ಣ ಎಂದ ಹಾಗೆ, ಸ್ವಲ್ಪ ಹೆಚ್ಚು ಮರ್ಯಾದೆಯಿಂದ.

"ಗಾಶೆ, ಮೇಲಿನ ಸಾಲು ಈಗ್ಲೇ ನೋಡ್ಬಿಡಿ. ಪ್ರಿಂಟಿಗೆ ಹೋದ್ಮೇಲೆ ತಾರೀಕು ತಪ್ಪು ಅಂತ ನನ್ನ ತಲೆ ತಿನ್ನೋದು ಬೇಡ."

"ಯಾವತ್ತು ತಿಂದಿದೀನಿ?"

"ಹೋದ ಗುರುವಾರ. ಅದರ ಹಿಂದಿನ ಸೋಮವಾರ. ಲೆಕ್ಕ ಬೇಕಾದ್ರೆ ಇನ್ನೂ ಹೇಳ್ತೀನಿ."

ಮೇಲಿನ ಸಾಲಿನಲ್ಲಿ ಎರಡು ದಿನಾಂಕ ಇರುತ್ತವೆ, ನಮ್ಮದೊಂದು, ಹೊರಗಿನವರದೊಂದು. ನಮ್ಮ ವರ್ಷಕ್ಕೆ ಮೂವತ್ತು ದಿನದ ಹನ್ನೆರಡು ತಿಂಗಳು. ಉಳಿದ ಐದೋ ಆರೋ ದಿನಗಳದ್ದು ಹದಿಮೂರನೆಯ ತಿಂಗಳು, ಪಾಗುಮೆ. ವರ್ಷದ ಎಣಿಕೆಯಲ್ಲಿ ನಾವು ಹೊರಗಿನವರಿಗಿಂತ ಏಳೆಂಟು ವರ್ಷ ಹಿಂದೆ. ಸೋಮವಾರದ ಸಾಲು ಸರಿಯಾಗಿಯೇ ಇತ್ತು: ಪಾಗುಮೆ 3, 2017 – ಸೆಪ್ಟೆಂಬರ್ 8, 2025. ಸರಿ ಎಂದು ಗುರುತು ಹಾಕಿ ಕೆಳಗೆ ನೋಡಿದೆ. ಪುಟದ ಫೈಲಿಗೆ ತಮ್ರಾತ್ ಯಾವಾಗಲೂ ದಿನಾಂಕವನ್ನೇ ಹೆಸರಾಗಿ ಇಡುತ್ತಾನೆ. ದಿನ ಮೊದಲು, ತಿಂಗಳು ಆಮೇಲೆ. ಅಲ್ಲಿ 3-13-2017 ಎಂದಿತ್ತು.

ಅದನ್ನು ಅಮೆರಿಕದವರ ಕಣ್ಣಿಂದ ಓದಿದರೆ ಏನಾಗುತ್ತದೆ ಎಂದು ಆಗ ಹೊಳೆಯಿತು. ಅವರಿಗೆ ತಿಂಗಳು ಮೊದಲು, ದಿನ ಆಮೇಲೆ. ಮಾರ್ಚ್ ಹದಿಮೂರು.

"ಏನ್ ಗಾಶೆ, ತಪ್ಪಿದ್ಯಾ?" ತಮ್ರಾತ್ ಕೇಳಿದ.

"ನಿಂದಲ್ಲ," ಎಂದೆ.

ಕುರ್ಚಿ ಎಳೆದುಕೊಂಡು ಕೂತು ಕಾಗದದ ಮೇಲೆ ಬರೆದು ನೋಡಿದೆ. ಯಾರಾದರೂ ನಮ್ಮ ಲೆಕ್ಕದ ನಾಲ್ಕನೇ ತಿಂಗಳ ಇಪ್ಪತ್ತೈದರಂದು ಹುಟ್ಟಿ, 25/4 ಎಂದು ತುಂಬಿದ್ದರೆ ಅಮೆರಿಕದ ಫಾರಂ ತಗೊಳ್ಳುತ್ತಿರಲಿಲ್ಲ. ಇಪ್ಪತ್ತೈದನೇ ತಿಂಗಳು ಎಲ್ಲಿದೆ? ತುಂಬುವವರು ಅಲ್ಲೇ ನಿಂತು, ಕೆಳಗಿನ ಸಣ್ಣ ಅಕ್ಷರ ಓದಿ, ತಿದ್ದಿಕೊಳ್ಳುತ್ತಿದ್ದರು. ಪಾಗುಮೆಯಲ್ಲಿ ಹುಟ್ಟಿದವರಿಗೆ ಆ ತಡೆ ಇಲ್ಲ. ಅವರ ಹದಿಮೂರು ಪ್ರತಿ ಸಲವೂ ದಿನದ ಜಾಗದಲ್ಲಿ ಹೋಗಿ ಕೂರುತ್ತದೆ. ಯಂತ್ರ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ.

ಜೆನೆಬೆಚ್ 3/13/1982 ಎಂದು ತುಂಬಿದ್ದು ನಮ್ಮ ಲೆಕ್ಕದ್ದಾದರೆ, ಆಕೆ ಹುಟ್ಟಿದ್ದು 1990ರ ಸೆಪ್ಟೆಂಬರ್ 8. ಗಡುವಿನ ದಿನ ಆಕೆಗೆ ಮೂವತ್ತನಾಲ್ಕು. ಮೂವತ್ತೈದು ತುಂಬಲು ಎಂಟು ದಿನ ಬಾಕಿ. ಮುಂದಿನ ವರ್ಷ ಅರ್ಜಿ ಹಾಕುವ ಹಾಗಿಲ್ಲ. ಇನ್ನು ಕೆಲಸದ ವರ್ಷಗಳೂ ನಮ್ಮ ಲೆಕ್ಕದವೇ ಆದರೆ, ಆಕೆಯ 2017 ಎಂದರೆ ಈ ವರ್ಷ. ಎಂಟು ವರ್ಷದ ಖಾಲಿ ಎಂದು ನಾನು ಬರೆದದ್ದು ಇಲ್ಲವೇ ಇಲ್ಲ.

ಆದರೆ ಇದು ಊಹೆ. ಊಹೆಯ ಮೇಲೆ ನಾನು ಒಂದು ಅಲ್ಪವಿರಾಮವನ್ನೂ ಬದಲಾಯಿಸುವವನಲ್ಲ. ಜೆನೆಬೆಚ್ ಎಂದರೆ ಮಳೆಯಾದಳು ಎಂದರ್ಥ. ಪಾಗುಮೆ ಮೂರು ರುಫಾಯೆಲ್ ದೇವದೂತನ ದಿನ, ಆ ದಿನದ ಮಳೆ ತೀರ್ಥವೆಂದು ಮಕ್ಕಳು ಬರಿಮೈಯಲ್ಲಿ ಅದರ ಕೆಳಗೆ ನಿಲ್ಲುತ್ತಾರೆ. ಆ ದಿನ ಹುಟ್ಟಿದ ಹೆಣ್ಣುಮಗುವಿಗೆ ಇಡುವ ಹೆಸರೇ ಅದು. ಆದರೆ ಮೆಂಝ್‌ನಲ್ಲಿ ಮಾರ್ಚ್‌ನಲ್ಲೂ ಮಳೆಯಾಗುತ್ತದೆ. ಹೆಸರು ಸಾಕ್ಷಿಯಲ್ಲ.

ಪ್ರಬಂಧ ತೆರೆದೆ. ಮೊದಲ ಸುತ್ತಿನ ಪಟ್ಟಿ ಆ ಸಂಜೆ ಅಮೆರಿಕಕ್ಕೆ ಹೋಗುವವರೆಗೆ ಕಡತಗಳು ನನಗೆ ಕಾಣುತ್ತಿದ್ದವು.

ಆಕೆ ಊರನ್ನು ಬದಲಾಯಿಸಿದ್ದೇನೆ ಎಂದು ಎಲ್ಲೂ ಬರೆದಿರಲಿಲ್ಲ. ಕಚೇರಿ ಗೊತ್ತುಮಾಡಿದ ದಿನ ರೈತರು ಕುರಿ ತರುತ್ತಿರಲಿಲ್ಲ. ನೂರರಲ್ಲಿ ಮೂವತ್ತೆಂಟು ಕುರಿಗೆ ಮಾತ್ರ ಸಿಡುಬಿನ ಲಸಿಕೆ ಆಗುತ್ತಿತ್ತು. ಕಚೇರಿಯ ತಾರೀಕನ್ನು ಯಾರೂ ನೆನಪಿಡುವುದಿಲ್ಲ, ಸಂತರ ದಿನಗಳನ್ನು ಯಾರೂ ಮರೆಯುವುದಿಲ್ಲ ಎಂದು ಆಕೆ ಗಮನಿಸಿದಳು. ತಿಂಗಳ ಹನ್ನೆರಡು ಮಿಕಾಯೆಲ್, ಇಪ್ಪತ್ತೊಂದು ಮರಿಯಮ್ಮ. ಆ ದಿನ ಯಾರೂ ನೇಗಿಲು ಹೂಡುವುದಿಲ್ಲ, ಎಲ್ಲರೂ ಇಗರ್ಜಿಯ ಸುತ್ತ ಇರುತ್ತಾರೆ. ಲಸಿಕೆಯನ್ನು ಆ ದಿನಗಳಿಗೆ ಹಾಕಿದಳು. ಸಂತರ ದಿನ ಕೆಲಸ ಮಾಡುವುದು ಪಾಪವೆಂದು ಪಾದ್ರಿಗಳು ಮೊದಲು ಒಪ್ಪಲಿಲ್ಲ. "ಕುರಿ ಹೊಡ್ಕೊಂಡು ಬರೋದು ಉಳುಮೆ ಅಲ್ಲ, ಸೂಜಿ ಹಾಕೋಳು ನಾನು, ಪಾಪ ಇದ್ರೆ ನನ್ನ ಲೆಕ್ಕಕ್ಕೆ" ಎಂದು ಅವರಿಗೆ ಹೇಳಿದ್ದನ್ನು ಹಾಗೆಯೇ ಬರೆದಿದ್ದಳು. ಎರಡು ವರ್ಷದಲ್ಲಿ ಮೂವತ್ತೆಂಟು ಎಂಬತ್ತೊಂದಾಯಿತು.

ನನಗೆ ಬೇಕಾದದ್ದು ಮೂರನೇ ಪುಟದಲ್ಲಿತ್ತು. "ಸರ್ಕಾರ ಬಿದ್ದ ತಿಂಗಳು ಸೋತ ಸೈನಿಕರು ನಡೆದುಕೊಂಡು ಊರಿಗೆ ಬಂದರು. ನನ್ನ ತಂದೆಯೂ ಬಂದರು. ನಾನು ಆಗ ಅಂಬೆಗಾಲಿಡುತ್ತಿದ್ದೆ, ಅವರ ಗಡ್ಡ ನೋಡಿ ಅತ್ತೆನಂತೆ." ಸರ್ಕಾರ ಬಿದ್ದದ್ದು 1991ರ ಮೇ ಕೊನೆಯಲ್ಲಿ. 1990ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಮಗುವಿಗೆ ಆಗ ಒಂಬತ್ತು ತಿಂಗಳು. 1982ರ ಮಾರ್ಚ್‌ನಲ್ಲಿ ಹುಟ್ಟಿದ್ದರೆ ಒಂಬತ್ತು ವರ್ಷ. ಒಂಬತ್ತು ವರ್ಷದ ಹುಡುಗಿ ಅಂಬೆಗಾಲಿಡುವುದಿಲ್ಲ.

ಫೆಲೋಶಿಪ್ಪಿನ ಇಲ್ಲಿನ ಸಂಚಾಲಕಿ ಫನಾಯೆ. ಮೊದಲು ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ನಾವು ಹೋಗಿಬಂದವರೆಲ್ಲ ಅವರನ್ನು ಅಕ್ಕ ಎಂದೇ ಕರೆಯುವುದು. ಫೋನ್ ಮಾಡಿದೆ.

"ಅದ್ಮಾಸು, ಪತ್ರಿಕೆಯವರು ಭಾನುವಾರ ಫೋನ್ ಮಾಡಿದ್ರೆ ಯಾರೋ ತೀರ್ಕೊಂಡಿರ್ತಾರೆ. ಯಾರು?"

"ಯಾರೂ ಇಲ್ಲ ಅಕ್ಕ. ನಾನು ಒಂದು ಅರ್ಜಿ ತಪ್ಪಾಗಿ ಮುಚ್ಚಿದೀನಿ."

ಎಲ್ಲ ಹೇಳಿದೆ. ಕೊನೆಗೆ ಕಾಗದ ತಿರುವುವ ಸದ್ದು ಕೇಳಿತು.

"ಫಾರಂನಲ್ಲಿ ತಿಂಗಳು, ದಿನ, ವರ್ಷ, ಯುರೋಪಿನ ಲೆಕ್ಕದಲ್ಲಿ ಅಂತ ಬರೆದಿದೆ ಅಲ್ವಾ?"

"ಇದೆ. ಇರುವೆ ಕಾಲಿನಷ್ಟು ಅಕ್ಷರದಲ್ಲಿ."

"ಇರುವೆ ಕಾಲಾದ್ರೂ ಇದೆ. ತಪ್ಪು ಆ ಹುಡುಗೀದು. ನಿಯಮ ನಾಲ್ಕು: ಅರ್ಜಿದಾರರ ತಪ್ಪನ್ನ ಗಡುವು ಮುಗಿದ ಮೇಲೆ ತಿದ್ದೋ ಹಾಗಿಲ್ಲ. ಹೋದ ವರ್ಷ ಒಬ್ಬ ಫೋನ್ ನಂಬರ್ ತಪ್ಪು ಹಾಕಿ ಬಂದು ನನ್ನ ಬಾಗ್ಲಲ್ಲಿ ಕೂತಿದ್ದ. ಅವನಿಗೆ ಇಲ್ಲ ಅಂದೆ. ಇವಳಿಗೆ ಹೇಗೆ ಹ್ಞೂಂ ಅನ್ನಲಿ?"

"ಇವಳಿಗೆ ಮುಂದಿನ ವರ್ಷ ಇಲ್ಲ ಅಕ್ಕ."

"ಗೊತ್ತಾಯ್ತು. ಆದ್ರೂ ಅದು ನಿಯಮಕ್ಕೆ ಉತ್ತರ ಅಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ನಾನು ಆ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ನನ್ನ ಕಣ್ಣೆದುರಿಗಿದ್ದದ್ದು ಷರಾದ ಎರಡನೇ ವಾಕ್ಯ.

"ವಯಸ್ಸಿನ ತಪ್ಪು ಅವಳದ್ದು. ಎಂಟು ವರ್ಷ ಏನೂ ಮಾಡಿಲ್ಲ ಅಂತ ಬರೆದದ್ದು ನಾನು. ಅದು ಸುಳ್ಳು. ಅದನ್ನ ಫಾರಂ ಹೇಳಿಲ್ಲ, ನಾನು ಹೇಳಿದೀನಿ," ಎಂದೆ.

ಅಕ್ಕ ಇನ್ನೊಂದು ಕಾಗದ ತಿರುವಿದರು. "ನಿಯಮ ಐದು ಓದಿದೀಯಾ?"

"ಓದಿದೀನಿ."

"ಜೋರಾಗಿ ಓದು. ಆಮೇಲೆ ನಾನು ಹೇಳ್ಲಿಲ್ಲ ಅನ್ಬೇಡ."

ಓದಿದೆ. ಪರಿಶೀಲಕರು ತಪ್ಪು ಸಂಗತಿಯನ್ನು ದಾಖಲಿಸಿದ್ದರೆ, ಅವರ ಲಿಖಿತ ಹೇಳಿಕೆಯ ಮೇಲೆ ಆ ಕಡತವನ್ನು ಪೂರ್ತಿಯಾಗಿ ಮತ್ತೆ ತೆರೆಯಬಹುದು. ಅಂಥ ಪರಿಶೀಲಕರ ಎಲ್ಲ ಕಡತಗಳನ್ನೂ ಬೇರೊಬ್ಬರು ಓದತಕ್ಕದ್ದು. ಆ ಪರಿಶೀಲಕರು ಆ ಸಾಲಿನ ಮುಂದಿನ ಯಾವ ಹಂತದಲ್ಲೂ ಭಾಗವಹಿಸತಕ್ಕದ್ದಲ್ಲ.

"ಸಮಿತಿ ಹೋಯ್ತು," ಅಕ್ಕ ಹೇಳಿದರು. "ನಾಲ್ಕು ವರ್ಷ ಕಾದಿದೀಯ. ನಿನ್ನ ಹೆಸರು ಹಾಕಿಸೋಕೆ ನಾನು ಎಷ್ಟು ಪತ್ರ ಬರೆದೆ ಅಂತ ನಿನಗೆ ಗೊತ್ತಿಲ್ಲ. ಮುಂದಿನ ಸಲ ನಾನು ಈ ಕುರ್ಚೀಲಿ ಇರ್ತೀನಿ ಅನ್ನೋ ಭರವಸೇನೂ ಇಲ್ಲ. ಹಾಗೇ ಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಂತ ನಾನು ಹೇಳ್ತಾ ಇಲ್ಲ. ಆದ್ರೆ ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗಿದೆಯಲ್ಲ" ಎಂದು ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ಆ ಕ್ಷಣ ನಾನು ಯೋಚಿಸುತ್ತಿದ್ದದ್ದು ಅದನ್ನಲ್ಲ. ನಿಯಮದ ಒಂದು ಪದವನ್ನು: ಪೂರ್ತಿಯಾಗಿ. ಕಡತ ಪೂರ್ತಿಯಾಗಿ ತೆರೆದರೆ ವಯಸ್ಸನ್ನೂ ಹೊಸದಾಗಿ ನೋಡುತ್ತಾರೆ. ಅಂಬೆಗಾಲಿನ ಸಾಲನ್ನು ಬೇರೊಬ್ಬರು ಓದುತ್ತಾರೆ. ಆಕೆಗೆ ಇದ್ದ ದಾರಿ ಅದೊಂದೇ, ಮತ್ತು ಅದು ನನ್ನ ತಪ್ಪಿನ ಮೂಲಕವೇ ಹೋಗಬೇಕಿತ್ತು.

"ಒಂದು ಗಂಟೆ ಕೊಡಿ," ಎಂದೆ.

ಆ ಒಂದು ಗಂಟೆಯಲ್ಲಿ ನಾನು ವಯಸ್ಸಿನ ಕಾರಣಕ್ಕೆ ಮುಚ್ಚಿದ್ದ ಒಂಬತ್ತು ಕಡತಗಳನ್ನೂ ಮತ್ತೆ ನೋಡಿದೆ. ಅಂಥದೇ ಇನ್ನೊಂದಿತ್ತು. ಜನವರಿ 13, 1980 ಎಂದಿದ್ದದ್ದು, ಆತನ ಪ್ರಬಂಧ ಓದಿದರೆ, ನಿಜವಾಗಿ ಪಾಗುಮೆ 1, ಅಂದರೆ 1988ರ ಸೆಪ್ಟೆಂಬರ್ 6. ಆತನಿಗೆ ಹೇಗೆ ಎಣಿಸಿದರೂ ವಯಸ್ಸು ಮೀರಿತ್ತು. ಆದರೆ ಆತನ ಮೇಲೂ ಖಾಲಿ ವರ್ಷಗಳ ಷರಾ ಬರೆದಿದ್ದೆ. ಎರಡನ್ನೂ ಹೇಳಿಕೆಯಲ್ಲಿ ಸೇರಿಸಿದೆ. ಪತ್ರಿಕೆಯ ಎರಡನೇ ಪುಟದಲ್ಲಿ ತಿದ್ದುಪಡಿ ಹಾಕುವ ಹಾಗೆಯೇ ಬರೆದೆ: ಏನು ಬರೆದಿದ್ದೆ, ಯಾವುದು ಸರಿ, ಹೇಗೆ ಗೊತ್ತಾಯಿತು. ವಿಷಾದ ಎಂಬ ಪದವನ್ನು ಒಂದೇ ಸಲ ಬಳಸಿದೆ.

ತಮ್ರಾತ್ ನನ್ನ ಹೆಗಲ ಮೇಲಿಂದ ಇಣುಕಿ ಓದಿದ.

"ಗಾಶೆ, ಇದನ್ನ ನೀವೇ ಬರೆದಿದ್ದಾ?"

"ಯಾಕೆ?"

"ಬೇರೆಯವರ ತಪ್ಪಾಗಿದ್ರೆ ಇನ್ನೂ ಎರಡು ಪ್ಯಾರಾ ಇರ್ತಿತ್ತು."

ಪಟ್ಟಿ ಹೋಗುವ ಮೊದಲೇ ಹೇಳಿಕೆ ಕಳಿಸಿದೆ. ಅಮೆರಿಕದ ಕಚೇರಿಯ ಉತ್ತರ ಸೋಮವಾರ ಸಂಜೆ ಐದರ ಹೊತ್ತಿಗೆ ಬಂತು. ಕಡತ ತೆರೆಯಲಾಗಿದೆ, ಸಂಚಾಲಕಿ ಅರ್ಜಿದಾರರಿಗೆ ಫೋನ್ ಮಾಡಿ ಹುಟ್ಟಿದ ದಿನವನ್ನು ಅವರ ಬಾಯಿಂದಲೇ ಖಚಿತಪಡಿಸಿಕೊಳ್ಳಬೇಕು, ಉತ್ತರವನ್ನು ಸೂಚಿಸಬಾರದು, ಹೇಳಿಕೆ ಕೊಟ್ಟ ಪರಿಶೀಲಕ ಹಾಜರಿರಬಹುದು, ಮಾತಾಡಬಾರದು.

ಬೋಲೆ ಬಡಾವಣೆಯಲ್ಲಿದ್ದ ಅಕ್ಕನ ಕಚೇರಿಗೆ ಹೋದಾಗ ಹೊರಗೆ ಮಳೆ ಜೋರಾಗಿತ್ತು. ಅಕ್ಕ ಫೋನನ್ನು ಮೇಜಿನ ನಡುವೆ ಇಟ್ಟು ಸ್ಪೀಕರ್ ಹಾಕಿದರು. ಮೂರನೇ ಸಲಕ್ಕೆ ಕರೆ ಹೋಯಿತು. ಆ ಕಡೆ ಲಾರಿಯ ಸದ್ದು, ಕುರಿಗಳ ಅರಚಾಟ.

"ಯಾರು?"

ಅಕ್ಕ ಫೆಲೋಶಿಪ್ಪಿನ ಹೆಸರು ಹೇಳಿದರು.

"ದುಡ್ಡು ಕಟ್ಟು ಅನ್ನೋದಾದ್ರೆ ಈಗ್ಲೇ ಇಟ್ಬಿಡಿ. ಹೋದ ತಿಂಗಳು ಒಬ್ಬ ಕೆನಡಾ ವೀಸಾ ಅಂತ ಮಾಡಿದ್ದ."

"ದುಡ್ಡಿನ ಮಾತಿಲ್ಲಮ್ಮ. ಒಂದೇ ಒಂದು ವಿಷಯ ಕೇಳ್ಬೇಕು. ನೀನು ಹುಟ್ಟಿದ ದಿನ ಯಾವುದು?"

"ಇವತ್ತು," ಎಂದಳು.

ಅಕ್ಕ ನನ್ನ ಕಡೆ ನೋಡಲಿಲ್ಲ. "ಇವತ್ತು ಅಂದ್ರೆ?"

"ಇವತ್ತು ಅಂದ್ರೆ ಇವತ್ತು. ರುಫಾಯೆಲ್. ಪಾಗುಮೆ ಮೂರು."

"ವರ್ಷ?"

"ಎಂಬತ್ತೆರಡು. ನಮ್ಮ ಎಂಬತ್ತೆರಡು. ಯಾಕೆ, ಫಾರಂ ತಗೊಳ್ತಲ್ಲ? ನಾನು ಇದ್ದ ಹಾಗೇ ಹಾಕಿದೆ, ಅದು ಹಸಿರು ಗುರುತು ತೋರಿಸ್ತು."

"ತಗೊಳ್ತು. ಅಲ್ಲೇ ಆಗಿದ್ದು ಎಡವಟ್ಟು. ಅವರ ಲೆಕ್ಕದಲ್ಲಿ ನಿನಗೆ ನಲವತ್ತಮೂರು ವರ್ಷ ಮಾಡ್ತು."

"ನಮ್ಮಮ್ಮ ಕೇಳಿದ್ರೆ ಖುಷಿ ಪಡ್ತಾಳೆ. ಅವಳು ಹೇಳೋದೂ ಅದೇ, ಮದುವೆ ವಯಸ್ಸು ಯಾವತ್ತೋ ದಾಟ್ತು ಅಂತ." ಯಾರಿಗೋ ಲಾರಿ ತಡೆಯಲು ಕೂಗಿ ಹೇಳಿದಳು, ಹೊಸವರ್ಷಕ್ಕೆ ಅಡಿಸ್‌ಗೆ ಹೋಗುವ ಕುರಿಗಳಿಗೆ ಅವಳ ರುಜು ಬೇಕಿತ್ತು. ಮತ್ತೆ ಫೋನಿಗೆ ಬಂದಾಗ ದನಿ ಬದಲಾಗಿತ್ತು. "ಹಾಗಾದ್ರೆ ಅದು ಓದದೇನೇ ಹೋಯ್ತಾ?"

"ಹೋಗಿತ್ತು. ಈಗ ಮತ್ತೆ ತೆಗೆದಿದಾರೆ. ಓದಿದ ಒಬ್ಬರು 2017ರಿಂದ ನೀನು ಏನೂ ಕೆಲ್ಸ ಮಾಡಿಲ್ಲ ಅಂತ ಬರೆದುಬಿಟ್ಟಿದ್ರು. ಅದನ್ನ ಅವರೇ ತಪ್ಪು ಅಂತ ಹೇಳಿದ್ರು."

"2017ರಿಂದಾನಾ?" ಅವಳು ನಕ್ಕಳು. "ಅದಿನ್ನೂ ಮುಗಿದೇ ಇಲ್ಲವಲ್ಲ. ಇನ್ನೂ ಎರಡು ದಿನ ಇದೆ. ಅವರಿಗೆ ಹೇಳಿ, ಆ ಎರಡು ದಿನದಲ್ಲೂ ಮಾಡ್ತೀನಿ."

ಅಕ್ಕನೂ ನಕ್ಕರು. ನಾನು ಮಾತಾಡುವ ಹಾಗಿರಲಿಲ್ಲ.

"ಆಯ್ಕೆ ಆಗತ್ತಾ?" ಅವಳು ಕೇಳಿದಳು.

"ಅದು ನನ್ನ ಕೈಲಿಲ್ಲ. ಓದ್ತಾರೆ. ಕಂಪಾಲಾದಲ್ಲಿ ಒಬ್ಬರು ಓದ್ತಾರೆ. ಅವರಿಗೆ ನೀನೂ ಗೊತ್ತಿಲ್ಲ, ನಾವೂ ಗೊತ್ತಿಲ್ಲ."

"ಅವರಿಗೆ ಪಾಗುಮೆ ಗೊತ್ತಾ?"

"ಇಲ್ಲ. ಅದಕ್ಕೆ ನಾನೇ ಅವರ ಲೆಕ್ಕಕ್ಕೆ ತಿರುಗಿಸಿ ಬರೀತಿದೀನಿ. ನೀನು ಕೇಳಿಸ್ಕೊಂಡು ಸರಿ ಅನ್ನು."

ಅಕ್ಕ ಬೆರಳಿಂದ ಒಂದೊಂದೇ ಅಕ್ಷರ ಒತ್ತಿ, ಒತ್ತಿದ್ದನ್ನು ಓದಿ ಹೇಳಿದರು. ಸೆಪ್ಟೆಂಬರ್ 8, 1990. ಗಡುವಿನ ದಿನಕ್ಕೆ ವಯಸ್ಸು ಮೂವತ್ತನಾಲ್ಕು. ಅರ್ಹಳು. ಪ್ರತಿಯೊಂದಕ್ಕೂ ಆ ಕಡೆಯಿಂದ ಸರಿ ಎಂದು ಬಂತು. ಕೊನೆಗೆ ಅವಳು ಅಕ್ಕನಿಗೆ ಹೊಸವರ್ಷದ ಶುಭಾಶಯ ಹೇಳಿ, ಲಾರಿಯವನು ಬೈಯುತ್ತಿದ್ದಾನೆ ಎಂದು ಫೋನ್ ಇಟ್ಟಳು.

ಅಕ್ಕ ನನ್ನ ಕಡೆ ಕೈ ಚಾಚಿದರು. ಅರವತ್ತೆರಡು ಕಡತಗಳ ಪಟ್ಟಿಯನ್ನೂ ನನ್ನ ಪ್ರವೇಶದ ಗುಪ್ತಪದ ಬರೆದಿದ್ದ ಚೀಟಿಯನ್ನೂ ಕೊಟ್ಟೆ.

"ಕಾಫಿ ಕುಡ್ದು ಹೋಗು," ಎಂದರು. ನಮ್ಮಲ್ಲಿ ಕಾಫಿಯನ್ನು ಮೂರು ಸುತ್ತು ಕೊಡುವುದು ರೂಢಿ. "ಮೂರು ಸುತ್ತೂ ಕುಡ್ದು ಹೋಗು. ಇನ್ನು ನಿನಗೆ ಬೆಳಿಗ್ಗೆ ಓದೋ ಕೆಲಸ ಇಲ್ಲ."

ಸಂದರ್ಶನದ ಪಟ್ಟಿ ನವೆಂಬರಿನ ಕೊನೆಯಲ್ಲಿ ಬಂತು. ದೇಶದಾದ್ಯಂತ ಕರೆದವರು ಇಪ್ಪತ್ತಾರು ಮಂದಿ. ಹೆಸರುಗಳು ಇಂಗ್ಲಿಷ್ ಅಕ್ಷರಕ್ರಮದಲ್ಲಿದ್ದುದರಿಂದ, Zನಿಂದ ಶುರುವಾಗುವ ಜೆನೆಬೆಚ್ ದುಬಾಲೆ ಕೊನೆಯವಳು. ಅವಳ ಸಂದರ್ಶನದ ದಿನ ನಾನು ಕಚೇರಿಯಲ್ಲಿ ಗುರುವಾರದ ಪುಟ ನೋಡುತ್ತಿದ್ದೆ. ಸಮಿತಿಯಲ್ಲಿ ನನಗೆಂದಿದ್ದ ಜಾಗದಲ್ಲಿ ಹವಾಸಾದ ಒಬ್ಬ ಎಂಜಿನಿಯರ್ ಕೂತಿದ್ದರಂತೆ. ಅವರ ಮೊದಲ ಪ್ರಶ್ನೆ ಪಾದ್ರಿಗಳ ಬಗ್ಗೆ ಇತ್ತು, ಮತ್ತು ಅವಳ ಉತ್ತರ ಇಪ್ಪತ್ತು ನಿಮಿಷ ನಡೆಯಿತು ಎಂದು ಅಕ್ಕ ಆಮೇಲೆ ಹೇಳಿದರು.